ಸೊನ್ನೆಯೂ ಒಂದು ಉತ್ತರವೇ!

ಮೊದಲು ಒಂದು ಲೆಕ್ಕ. 4_2 ಎಂಬ ಮೂರಂಕಿಯ ಸಂಖ್ಯೆಯಲ್ಲಿ ನಡುವಿನ ಅಂಕಿ ಅಳಿಸಿಹೋಗಿದೆ. ಈ ಸಂಖ್ಯೆ 3ರಿಂದ ನಿಶ್ಶೇಷವಾಗಿ ಭಾಗವಾಗಬೇಕಾದರೆ ಅಲ್ಲಿ ಬರಬಹುದಾದ ಅತಿ ಚಿಕ್ಕ ಅಂಕಿ ಯಾವುದು?

ನಿಯಮವೇನೋ ಬಾಯಿಪಾಠವಾಗಿರುತ್ತದೆ: ಅಂಕಿಗಳ ಮೊತ್ತ 3ರಿಂದ ಭಾಗವಾದರೆ ಸಂಖ್ಯೆಯೂ ಭಾಗವಾಗುತ್ತದೆ. 4 ಮತ್ತು 2 ಕೂಡಿದರೆ 6, ಇನ್ನೂ 3 ಸೇರಿದರೆ 9. ಆದ್ದರಿಂದ ಉತ್ತರ 3 ಎಂದು ಬರೆದು ಮುಂದಿನ ಲೆಕ್ಕಕ್ಕೆ ಹೋಗುವ ಮಕ್ಕಳುಂಟು. ಅಂಕ ಹೋಗುವುದು ಅಲ್ಲಿಯೇ. ಸರಿಯಾದ ಉತ್ತರ 0. ಏಕೆಂದರೆ 6 ಆಗಲೇ 3ರಿಂದ ಭಾಗವಾಗುತ್ತದೆ. ತಾಳೆ ನೋಡಿ: 402 = 3 × 134.

ಸೊನ್ನೆ ಏಕೆ ಹೊಳೆಯುವುದಿಲ್ಲ? ನಾವು ಮಗ್ಗಿ ಹೇಳುವುದು 'ಮೂರೊಂದಲೆ ಮೂರು' ಎಂದು. 'ಮೂರು ಸೊನ್ನೆಲೆ ಸೊನ್ನೆ' ಎಂದು ಯಾರೂ ಆರಂಭಿಸುವುದಿಲ್ಲ. ಆದರೆ 3 × 0 = 0 ಆದ್ದರಿಂದ ಸೊನ್ನೆಯೂ 3ರ ಮಗ್ಗಿಗೆ ಸೇರಿದ್ದೇ. ಇದೇ ಕಾರಣಕ್ಕೆ ಅದು 2ರಿಂದಲೂ 9ರಿಂದಲೂ 11ರಿಂದಲೂ ಭಾಗವಾಗುತ್ತದೆ. 2ರಿಂದ ಭಾಗವಾಗುವುದರಿಂದ ಸೊನ್ನೆ ಸಮಸಂಖ್ಯೆ. 2016ರ ಜನವರಿಯಲ್ಲಿ ದೆಹಲಿಯಲ್ಲಿ ಸಮ-ಬೆಸ ವಾಹನ ನಿಯಮ ಬಂದಾಗ, ಸೊನ್ನೆಯಿಂದ ಕೊನೆಗೊಳ್ಳುವ ನಂಬರಿನ ಕಾರುಗಳು ಸಮ ದಿನಾಂಕಗಳಂದೇ ರಸ್ತೆಗಿಳಿದವು.

11ರ ನಿಯಮದಲ್ಲಿ ಈ ಗೊಂದಲ ಇನ್ನೂ ಹೆಚ್ಚು. ಒಂದು ಬಿಟ್ಟು ಒಂದು ಅಂಕಿಗಳನ್ನು ಕೂಡಿ, ಎರಡು ಮೊತ್ತಗಳ ವ್ಯತ್ಯಾಸ ನೋಡಬೇಕು. 3696ರಲ್ಲಿ 6 + 6 = 12, 9 + 3 = 12. ವ್ಯತ್ಯಾಸ ಸೊನ್ನೆ! 'ಏನೂ ಉಳಿಯಲಿಲ್ಲವಲ್ಲ, ಭಾಗವಾಗುತ್ತದೆಯೋ ಇಲ್ಲವೋ?' ಎಂಬ ಅನುಮಾನ ಬೇಡ. 10 ಎಂದರೆ 11ಕ್ಕೆ ಒಂದು ಕಡಿಮೆ, 100 ಎಂದರೆ 99ಕ್ಕೆ ಒಂದು ಹೆಚ್ಚು, 1000 ಎಂದರೆ 1001ಕ್ಕೆ ಒಂದು ಕಡಿಮೆ. 11, 99, 1001 ಮೂರೂ 11ರಿಂದ ಭಾಗವಾಗುತ್ತವೆ. ಆದ್ದರಿಂದ ಈ ಕಡಿಮೆ-ಹೆಚ್ಚುಗಳ ಲೆಕ್ಕ ಸರಿದೂಗಿದರೆ ಶೇಷವೇ ಇರುವುದಿಲ್ಲ. 3696 = 11 × 336.

ಆದರೆ ಒಂದು ಎಚ್ಚರಿಕೆ. ಸೊನ್ನೆಯನ್ನು ಭಾಗಿಸುವುದು ಬೇರೆ, ಸೊನ್ನೆಯಿಂದ ಭಾಗಿಸುವುದು ಬೇರೆ. 0 ÷ 6 ಎಂದರೆ 0. ಆದರೆ 6 ÷ 0 ಎಷ್ಟು? ಸೊನ್ನೆಯನ್ನು ಯಾವುದರಿಂದ ಗುಣಿಸಿದರೆ 6 ಬಂದೀತು? ಯಾವುದರಿಂದಲೂ ಇಲ್ಲ. 0 ÷ 0 ಎಂದರೋ ಯಾವ ಸಂಖ್ಯೆಯನ್ನು ಹೇಳಿದರೂ ತಾಳೆಯಾಗುತ್ತದೆ. ಹಾಗಾಗಿ ಸೊನ್ನೆಯಿಂದ ಭಾಗಾಕಾರಕ್ಕೆ ಅರ್ಥವಿಲ್ಲ. ಇದು ದೊಡ್ಡವರನ್ನೂ ಕಾಡಿದ ಪ್ರಶ್ನೆ. ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದ ಗಣಿತಜ್ಞ ಮಹಾವೀರಾಚಾರ್ಯರು ತಮ್ಮ 'ಗಣಿತಸಾರಸಂಗ್ರಹ'ದಲ್ಲಿ, ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗುವುದಿಲ್ಲ ಎಂದಿದ್ದರು. ಇಂದಿನ ಗಣಿತ ಅದನ್ನು ಒಪ್ಪುವುದಿಲ್ಲ.

ತಂದೆತಾಯಂದಿರಿಗೆ ಒಂದು ಮಾತು. ಮಗು ಭಾಗಾಕಾರದ ನಿಯಮವನ್ನು ತಪ್ಪಿಲ್ಲದೆ ಒಪ್ಪಿಸಿತೆಂದು ಸುಮ್ಮನಾಗಬೇಡಿ. 'ಅಲ್ಲಿ ಸೊನ್ನೆ ಹಾಕಿದರೆ ಏನಾಗುತ್ತದೆ?' ಎಂದು ಕೇಳಿ. ನಿಯಮ ಅರ್ಥವಾಗಿದೆಯೋ ಇಲ್ಲವೋ ಆಗಲೇ ತಿಳಿಯುತ್ತದೆ.

ಈ ವಾರದ ಲೆಕ್ಕ: 5_4 ಎಂಬ ಸಂಖ್ಯೆ 9ರಿಂದ ನಿಶ್ಶೇಷವಾಗಿ ಭಾಗವಾಗಬೇಕು. ಬಿಟ್ಟ ಸ್ಥಳದಲ್ಲಿ ಯಾವ ಯಾವ ಅಂಕಿಗಳು ಬರಬಹುದು? ಒಂದು ಉತ್ತರ ಸಿಕ್ಕಿದೊಡನೆ ಪೆನ್ಸಿಲ್ ಕೆಳಗಿಡಬೇಡಿ, ಇನ್ನೊಂದಿದೆ!