ಕಡಲೂರಿನಲ್ಲಿ ಇಬ್ಬರ ಮನೆ

ಸೇವೆಯಿಂದ ನಿವೃತ್ತರಾದ ಸೊಲ್ಲಾಪುರ, ಅಕ್ಕಲಕೋಟೆಗಳ ಕೆಲವು ದಂಪತಿಗಳಲ್ಲಿ ಶೇಷಾಯುಷ್ಯವನ್ನು ಕಡಲ ತಡಿಯಲ್ಲಿ ಕಳೆಯುವ ಹಂಬಲ ಕಾಣುತ್ತದೆ. ಆಗ ಕೇಳಿಬರುವ ಹೆಸರುಗಳು ಕಾರವಾರ, ಕಾಸರಗೋಡು, ಮಂಗಳೂರು.

ಕಾರವಾರದಲ್ಲಿ ಕೊಂಕಣಿಯ ಜೊತೆಗೆ ಮರಾಠಿಯೂ ನಡೆಯುವುದರಿಂದ ನಮ್ಮ ಗೃಹಿಣಿಯರು ಸಂತೆಯಲ್ಲಿ ಮೂಕರಾಗಬೇಕಾಗಿಲ್ಲ. ಆದರೆ ಕಠಿಣ ವ್ಯಾಧಿ ಬಂದರೆ ಗೋವೆಗೋ ಹುಬ್ಬಳ್ಳಿಗೋ ಧಾವಿಸಬೇಕಾದೀತು. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರು ಮಾತ್ರ. ಆದರೂ 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿಯನ್ನು ಮುಚ್ಚಿದಾಗ ಅಷ್ಟು ದೂರವನ್ನು ಕ್ರಮಿಸಲಾರದೆ ರೋಗಿಗಳು ಪಟ್ಟ ಪಾಡು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಗಡಿಯಾಚೆ ಬಾಳುವ ನಾವು ಅದನ್ನು ಮರೆಯುವಂತಿಲ್ಲ.

ಮನೆ ಹುಡುಕುವಾಗ ಇಬ್ಬರ ಸುಖವನ್ನೇ ಎಣಿಸುತ್ತೇವೆ. ಒಬ್ಬರು ಮುಂದೆ ಹೋದ ಮೇಲೆ ಉಳಿದವರು, ಹೆಚ್ಚಿನ ಮನೆಗಳಲ್ಲಿ ಹೆಂಡತಿ, ಆ ಊರಿನ ವೈದ್ಯರಿಗೆ ತಮ್ಮ ನೋವನ್ನು ಯಾವ ಭಾಷೆಯಲ್ಲಿ ಹೇಳಿಕೊಂಡಾರು? ರಾತ್ರಿ ಯಾರ ಬಾಗಿಲು ತಟ್ಟಿಯಾರು? ಗಂಡಸರು ಈ ಮಾತೆತ್ತಿದರೆ ಅಪಶಕುನವೆನ್ನುತ್ತಾರೆ. ಹೆಂಗಸರು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿರುತ್ತಾರೆ.

ಈ ದೃಷ್ಟಿಯಿಂದ ನಮಗೆ ಮಂಗಳೂರೇ ಮೇಲೆನಿಸುತ್ತದೆ. ತುಳು ಬಾರದಿದ್ದರೂ ಕನ್ನಡಕ್ಕೆ ಉತ್ತರ ದೊರೆಯುತ್ತದೆ, ಆಸ್ಪತ್ರೆಗಳಿಗೆ ಕೊರತೆಯಿಲ್ಲ. ಮಳೆಯ ಮಾತು ಬೇರೆ. ಸೊಲ್ಲಾಪುರದಲ್ಲಿ ವರ್ಷವಿಡೀ ಬೀಳುವುದಕ್ಕಿಂತ ಹೆಚ್ಚು ಮಳೆ ಅಲ್ಲಿ ಸಾಮಾನ್ಯವಾಗಿ ಜುಲೈ ಒಂದರಲ್ಲೇ ಸುರಿಯುತ್ತದೆ. ಒಣಹವೆಗೆ ಒಗ್ಗಿದ ಮೈಗೆ ಇದು ಸಣ್ಣ ಪರೀಕ್ಷೆಯಲ್ಲ. ಆದುದರಿಂದ ಇಲ್ಲಿಯ ಮನೆಯನ್ನು ಮಾರುವ ಮೊದಲು ಜೂನಿನಿಂದ ಸೆಪ್ಟೆಂಬರಿನವರೆಗೆ ಅಲ್ಲೊಂದು ಬಾಡಿಗೆಯ ಮನೆಯಲ್ಲಿ ಇಬ್ಬರೂ ಇದ್ದು ನೋಡಬೇಕು. ಜೋಳದ ಹಿಟ್ಟನ್ನು ಒಯ್ಯುವವರು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಒಯ್ಯಲಿ.