ಫುಟ್ಬಾಲ್ ಸೀಸನ್‌ಗೆ ನೋಂಬು ಬರುತ್ತಿದೆ, ನಾವು ತಯಾರಿದ್ದೇವಾ?

ಕರಾವಳಿಯ ಕಾಲೇಜು ಫುಟ್ಬಾಲಿಗೆ ಒಂದು ಲೆಕ್ಕ ಉಂಟು. ಆಗಸ್ಟ್ ಮಳೆಗೆ ಮಂಗಳೂರಿನ ನೆಹರೂ ಮೈದಾನದ ಕೆಸರಲ್ಲಿ ಶುರು, ಆಮೇಲೆ ಅಂತರ್ ಕಾಲೇಜು ಪಂದ್ಯಾಟ, ಅಲ್ಲಿಂದ ವಿಶ್ವವಿದ್ಯಾನಿಲಯ ತಂಡದ ಆಯ್ಕೆ, ಕೊನೆಗೆ ಹೆಚ್ಚಾಗಿ ವರ್ಷದ ಅಂಚಿನಲ್ಲಿ ದಕ್ಷಿಣ ವಲಯ ಅಂತರ್ ವಿ.ವಿ. ಟೂರ್ನಿ. ಜನವರಿ ದಾಟಿದರೆ ಬೂಟು ಅಟ್ಟಕ್ಕೆ, ಹುಡುಗ ಪರೀಕ್ಷೆಗೆ. ಈ ತಂಡಗಳಲ್ಲಿ ನಮ್ಮ ಬ್ಯಾರಿ ಹುಡುಗರು ಎಷ್ಟಿದ್ದಾರೆ ಅಂತ ಪ್ರತ್ಯೇಕ ಹೇಳಬೇಕಾಗಿಲ್ಲ, ಪಂದ್ಯದ ದಿನ ಗೋಡೆ ಬದಿಯಲ್ಲಿ ನಿಂತು ಕೂಗುವ ಹೆಸರುಗಳನ್ನು ಕೇಳಿದರೆ ಸಾಕು. ಯಾವ ಕಾಲೇಜು ಗೆದ್ದಿತು, ಯಾರದ್ದು ಆಫ್‌ಸೈಡ್ ಗೋಲು ಎಂಬ ಚರ್ಚೆ ಆಯಾ ಗ್ರೂಪುಗಳಲ್ಲಿ ನಡೆಯಲಿ. ನಾವು ಎತ್ತುತ್ತಿರುವುದು ಕ್ಯಾಲೆಂಡರಿನ ವಿಷಯ.

ರಂಝಾನ್ ವರ್ಷಕ್ಕೆ ಹತ್ತು ಹನ್ನೊಂದು ದಿನ ಮುಂಚಿತವಾಗಿ ಬರುತ್ತದೆ ಅಂತ ಮದ್ರಸದ ಮಗುವಿಗೂ ಗೊತ್ತು. ಆದರೆ ಅದು ಎಲ್ಲಿಗೆ ಬಂದು ತಲುಪುತ್ತಿದೆ ಅಂತ ಕೂತು ಲೆಕ್ಕ ಹಾಕಿದವರು ಕಡಿಮೆ. 2026ರಲ್ಲಿ ಫೆಬ್ರವರಿ ಮೂರನೇ ವಾರ. 2028ರಲ್ಲಿ ಜನವರಿ ಕೊನೆ. 2030ರಲ್ಲಂತೂ ಜನವರಿ ಮೊದಲ ವಾರದಲ್ಲಿ ಒಮ್ಮೆ, ಡಿಸೆಂಬರ್ ಕೊನೆಯ ವಾರದಲ್ಲಿ ಇನ್ನೊಮ್ಮೆ, ಒಂದೇ ವರ್ಷ ಎರಡು ಸಲ ನೋಂಬು ಶುರು. ಚಂದ್ರದರ್ಶನದಿಂದ ಒಂದು ದಿನ ಆಚೀಚೆ ಆಗಬಹುದು, ಅಷ್ಟೇ. ಅಲ್ಲಿಂದ ಡಿಸೆಂಬರ್, ನವೆಂಬರ್, ಅಕ್ಟೋಬರ್ ಎಂದು ಸರಿಯುತ್ತಾ 2040ರ ಹೊತ್ತಿಗೆ ಸೆಪ್ಟೆಂಬರಿಗೆ ಬರುತ್ತದೆ. ಅಂದರೆ ಈಗ ಪ್ರೈಮರಿ ಶಾಲೆಯಲ್ಲಿ ಚೆಂಡು ಒದೆಯುತ್ತಿರುವ ಮಕ್ಕಳು ಕಾಲೇಜು ತಂಡದಲ್ಲಿ ಆಡುವಾಗ ನೋಂಬು ಸೀಸನ್‌ನ ಹೊರಗೆ ಇರುವುದಿಲ್ಲ, ಒಳಗೇ ಇರುತ್ತದೆ.

ಇಷ್ಟು ವರ್ಷ ಈ ಸಮಸ್ಯೆ ಬಾರದ್ದಕ್ಕೆ ಕಾರಣ ಸರಳ. ರಂಝಾನ್ ಬೇಸಿಗೆಯಲ್ಲಿ, ಪರೀಕ್ಷೆ-ರಜೆಯ ತಿಂಗಳುಗಳಲ್ಲಿ ಇತ್ತು. ಆಗ ಕಾಲೇಜು ಮೈದಾನ ಖಾಲಿ.

ಮೈದಾನದಲ್ಲಿ ಏನಾಗಬಹುದು ಅಂತ ನೋಡಿ. ಅಂತರ್ ಕಾಲೇಜು ಪಂದ್ಯಾಟ ಅಂದರೆ ಹೆಚ್ಚಾಗಿ ಎರಡು-ಮೂರು ದಿನದಲ್ಲಿ ಮುಗಿಸುವ ನಾಕೌಟ್. ಬೆಳಿಗ್ಗೆ ಗೆದ್ದ ತಂಡ ಮಧ್ಯಾಹ್ನ ಪುನಃ ಇಳಿಯಬೇಕು. ಡಿಸೆಂಬರಿನಲ್ಲೂ ಇಲ್ಲಿ ನೋಂಬು ಹನ್ನೆರಡೂವರೆ ಗಂಟೆಯಷ್ಟು ಉಂಟು, ಮಂಗಳೂರಿನ ಮಧ್ಯಾಹ್ನದ ಬಿಸಿಲು ಹೇಗೆ ಅಂತ ಬಲ್ಲವರಿಗೆ ಗೊತ್ತು. ನೀರಿಲ್ಲದೆ ಎರಡನೇ ಪಂದ್ಯ ಆಡಿದರೆ ಸ್ನಾಯು ಹಿಡಿಯುತ್ತದೆ, ತಲೆ ತಿರುಗುತ್ತದೆ. ಹಾಗಾಗಿ ದೈಹಿಕ ಶಿಕ್ಷಣ ನಿರ್ದೇಶಕರು ನೋಂಬು ಹಿಡಿದ ಹುಡುಗನನ್ನು ಹೊರಗೆ ಕೂರಿಸಿದರೆ ಅದನ್ನು ದ್ವೇಷ ಎನ್ನಲಾಗದು. ಅವರ ಹೆದರಿಕೆ ನ್ಯಾಯವಾದದ್ದೇ. ತೊಂದರೆ ಏನೆಂದರೆ, ಹೊರಗೆ ಕೂತವನು ಆಯ್ಕೆದಾರರ ಕಣ್ಣಿಗೆ ಬೀಳುವುದಿಲ್ಲ. ವಿ.ವಿ. ತಂಡ ತಪ್ಪಿದರೆ ಸರ್ಟಿಫಿಕೇಟ್ ತಪ್ಪಿತು, ಅದರೊಟ್ಟಿಗೆ ರೈಲ್ವೆಯಂಥ ಕಡೆ ಕ್ರೀಡಾ ಕೋಟಾದ ಬಾಗಿಲೂ ಮುಚ್ಚಿತು. ಇದಕ್ಕೆ ಹೆದರಿ ಹುಡುಗ ನೋಂಬು ಇದ್ದದ್ದನ್ನೇ ಮುಚ್ಚಿಟ್ಟು ಆಡುತ್ತಾನೆ. ಇಲ್ಲವೇ ಮನೆಯಲ್ಲಿ ಮುಚ್ಚಿಟ್ಟು ನೋಂಬು ಬಿಡುತ್ತಾನೆ. ಎರಡೂ ನಮಗೆ ಬೇಡ.

ಬೇರೆಯವರು ಏನು ಮಾಡಿದ್ದಾರೆ? 2014ರ ವಿಶ್ವಕಪ್ಪಿನಲ್ಲಿ ಅಲ್ಜೀರಿಯಾ ರಂಝಾನ್ ತಿಂಗಳಲ್ಲೇ ಜರ್ಮನಿ ಎದುರು ಆಡಿ, ಹೆಚ್ಚುವರಿ ಸಮಯದವರೆಗೆ ಎಳೆದು 2-1ರಲ್ಲಿ ಸೋತಿತು. ನೋಂಬು ಹಿಡಿಯುವುದು, ಬಿಡುವುದು ಆಟಗಾರರಿಗೆ ಬಿಟ್ಟ ವಿಷಯವಾಗಿತ್ತು. 2021ರ ಏಪ್ರಿಲಿನಲ್ಲಿ ಇಂಗ್ಲೆಂಡಿನಲ್ಲಿ ಲೆಸ್ಟರ್-ಕ್ರಿಸ್ಟಲ್ ಪ್ಯಾಲೇಸ್ ಪಂದ್ಯವನ್ನು ಸ್ವಲ್ಪ ನಿಲ್ಲಿಸಿ, ಇಬ್ಬರು ಆಟಗಾರರಿಗೆ ನೋಂಬು ತೆರೆಯಲು ಬಿಟ್ಟರು. ಗೋಲ್‌ಕೀಪರ್ ಗೋಲ್ ಕಿಕ್ ತಡ ಮಾಡಿದಷ್ಟೇ ಹೊತ್ತು, ಆಕಾಶವೇನೂ ಬೀಳಲಿಲ್ಲ. 2023ರಲ್ಲಿ ಫ್ರಾನ್ಸಿನ ಫುಟ್ಬಾಲ್ ಒಕ್ಕೂಟ ಮಾತ್ರ ಅಂಥ ವಿರಾಮ ಬೇಡ ಎಂದಿತು. ಒಟ್ಟಿನಲ್ಲಿ ನಿಯಮ ಮಾಡುವವರ ಮನಸ್ಸಿನ ಪ್ರಶ್ನೆ.

ಆದರೆ ನಮ್ಮಲ್ಲಿ ಕೇಳುವವರು ಯಾರು? ಪಂದ್ಯಾಟ ಸಂಘಟಿಸುವ ಆತಿಥೇಯ ಕಾಲೇಜಿಗೆ ವೇಳಾಪಟ್ಟಿ ಹಾಕುವಾಗ ಸಾಕಷ್ಟು ಕೈಬಿಡುವು ಇರುತ್ತದೆ. ನಮ್ಮವರದ್ದೇ ಆಡಳಿತದ ಕಾಲೇಜುಗಳು ಕರಾವಳಿಯಲ್ಲಿ ಬೇಕಷ್ಟಿವೆ. ಅವರು ಆತಿಥ್ಯ ವಹಿಸಿದಾಗಲಾದರೂ ನೋಂಬಿನ ದಿನಗಳಲ್ಲಿ ಒಬ್ಬರಿಗೆ ದಿನಕ್ಕೆ ಒಂದೇ ಪಂದ್ಯ, ಅದೂ ಬೆಳಿಗ್ಗೆ ಬೇಗ ಅಥವಾ ಮಗ್ರಿಬ್ ಆದ ಮೇಲೆ ಲೈಟಿನಲ್ಲಿ ಅಂತ ಮಾಡಿ ತೋರಿಸಬಹುದಲ್ಲ? ಊರೂರಿನ ಕ್ಲಬ್‌ಗಳು ರಾತ್ರಿ ಟೂರ್ನಮೆಂಟಿಗೆ ಲೈಟು, ಗ್ಯಾಲರಿ, ದೊಡ್ಡ ನಗದು ಬಹುಮಾನ ಎಲ್ಲ ಹೊಂದಿಸುತ್ತವೆ. ಅದೇ ಲೈಟು ಕಾಲೇಜು ಪಂದ್ಯಕ್ಕೆ ಸಿಗುವುದಿಲ್ವಾ?

"ನೋಂಬಿನ ತಿಂಗಳಲ್ಲಿ ಆಟ ಎಂತಕ್ಕೆ?" ಎನ್ನುವ ಹಿರಿಯರೂ ಇದ್ದಾರೆ. ಅವರ ಮಾತಿಗೆ ತೂಕ ಇಲ್ಲವೆಂದಲ್ಲ, ತರಾವೀಹ್ ಬಿಟ್ಟು ಟರ್ಫಿನಲ್ಲಿ ರಾತ್ರಿ ಕಳೆಯುವುದನ್ನು ನಾವೂ ಒಪ್ಪುವುದಿಲ್ಲ. ಆದರೆ ಕಾಲೇಜು ಸೀಸನ್ ನಮಗಾಗಿ ಕಾಯುವುದಿಲ್ಲ. ದೂರದ ಊರಿಗೆ ಟೂರ್ನಿಗೆ ಹೋಗುವ ಹುಡುಗನಿಗೆ ಪ್ರಯಾಣಿಕನ ರಿಯಾಯಿತಿ ಯಾವಾಗ ಉಂಟು, ಯಾವಾಗ ಇಲ್ಲ, ಕಝಾ ಹೇಗೆ ವೀಟಬೇಕು ಎಂಬುದನ್ನು ಉಸ್ತಾದರು ಮೊದಲೇ ಬಿಡಿಸಿ ಹೇಳಿದರೆ ಅವನು ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ಫತ್ವಾ ಹುಡುಕಬೇಕಾಗಿಲ್ಲ.

ದಾರಿ ಇಲ್ಲದ ಆಟ ಇದಲ್ಲ. ಮಂಗಳೂರಿನಿಂದ ನೂರು ಕಿ.ಮೀ. ಆಸುಪಾಸಿನ ತ್ರಿಕರಿಪುರದಿಂದ ಎಂ. ಸುರೇಶ್, ಮುಹಮ್ಮದ್ ರಫಿ ಭಾರತ ತಂಡದವರೆಗೆ ಹೋದರು. 2023ರ ಮಾರ್ಚ್ 4ರಂದು ರಿಯಾದಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ 54 ವರ್ಷದ ಬಳಿಕ ಸಂತೋಷ್ ಟ್ರೋಫಿ ಎತ್ತಿತು. ನಮ್ಮವರು ದುಡಿಯುವ ನಗರದಲ್ಲೇ ಆದ ಫೈನಲ್ ಅದು.

ಮುಂದಿನ ಸೀಸನ್‌ನ ದಿನಾಂಕಗಳು ಶೈಕ್ಷಣಿಕ ವರ್ಷದ ಆರಂಭದಲ್ಲೇ ನಿಗದಿಯಾಗುತ್ತವೆ. ಆಡಳಿತ ಮಂಡಳಿಗಳಲ್ಲಿರುವ ನಮ್ಮವರು ರಂಝಾನಿನ ದಿನಾಂಕಗಳನ್ನು ಆ ಸಭೆಯ ಮೇಜಿಗೆ ತಲುಪಿಸಬೇಕಾದದ್ದು ಆಗಲೇ, ಟೂರ್ನಿಯ ಮುನ್ನಾದಿನ ಅಲ್ಲ.