ಕಾರಿಗೊಂದು ಕನ್ನಡಿ ನೆಲ

ಮನೆಗೆ ಯಾವ ನೆಲ ಹಾಕಿಸಬೇಕೆಂದು ತೀರ್ಮಾನಿಸುವವರು ಗಂಡಸರು. ಅದನ್ನು ಜೀವಮಾನವಿಡೀ ಒರೆಸುವವರು ನಾವು. ಮೊಸಾಯಿಕ್ ಬಂದಾಗಲೂ ಹೀಗೇ ಆಯಿತು, ಗ್ರಾನೈಟ್ ಬಂದಾಗಲೂ ಹೀಗೇ, ವಿಟ್ರಿಫೈಡ್ ಟೈಲ್ಸ್ ಬಂದಾಗಲೂ ಹೀಗೇ. ಈಗ ಮನೆಯೊಳಗೆ ಹಾಸಲು ಜಾಗ ಉಳಿದಿಲ್ಲವಾದ್ದರಿಂದ ಈ ವ್ಯಾಮೋಹ ಹೊರಗೆ, ಕಾರು ನಿಲ್ಲಿಸುವ ಶೆಡ್ಡಿಗೆ ಇಳಿದಿದೆ. ಶಿವಮೊಗ್ಗದ ನಮ್ಮ ಬಡಾವಣೆಯೊಂದರಲ್ಲೇ ಎರಡು ವರ್ಷದಿಂದೀಚೆಗೆ ನಾಲ್ಕು ಮನೆಗಳ ಕಾರ್ ಶೆಡ್ಡಿಗೆ ಎಪಾಕ್ಸಿ ಲೇಪನವಾಗಿದೆ. ಬೂದು ಬಣ್ಣದ, ಮುಖ ಕಾಣುವಷ್ಟು ನುಣುಪಾದ ನೆಲ. ಮನೆಯೊಡತಿಯನ್ನು ಒಂದು ಮಾತು ಕೇಳಿ ಮಾಡಿಸಿದ ಮನೆ ಆ ನಾಲ್ಕರಲ್ಲಿ ಒಂದೂ ಇಲ್ಲ.

ಎಪಾಕ್ಸಿ ಎಂದರೆ ಗಾಬರಿಯಾಗಬೇಕಿಲ್ಲ. ಒಡೆದ ಪಿಂಗಾಣಿ ಬಟ್ಟಲು ಅಂಟಿಸಲು ಎರಡು ಟ್ಯೂಬುಗಳಿಂದ ಹಿಂಡಿ ಕಲಸುತ್ತೇವಲ್ಲ, ಆ ಅರಾಲ್ಡೈಟಿನದೇ ಜಾತಿ. ಒಂದು ಡಬ್ಬಿಯಲ್ಲಿ ರಾಳದಂಥ ದ್ರವ, ಇನ್ನೊಂದರಲ್ಲಿ ಅದನ್ನು ಗಟ್ಟಿ ಮಾಡುವ ಹಾರ್ಡನರ್. ಎರಡನ್ನೂ ಸೇರಿಸಿದೊಡನೆ ಒಳಗೊಳಗೇ ಬಿಸಿಯಾಗತೊಡಗುತ್ತದೆ. ಅರ್ಧ ಗಂಟೆಯ ಆಸುಪಾಸಿನಲ್ಲಿ ಹಚ್ಚಿ ಮುಗಿಸದಿದ್ದರೆ ಡಬ್ಬಿಯಲ್ಲೇ ಕಲ್ಲಾಗಿ ಕೂರುತ್ತದೆ. ಸಿಮೆಂಟಿನ ಪುಡಿ ಏಳುವುದಿಲ್ಲ, ಆಯಿಲ್ ಇಂಗುವುದಿಲ್ಲ, ಸಂದಿಗಳಿಲ್ಲದೆ ಕೊಳೆ ನಿಲ್ಲುವುದಿಲ್ಲ. ಆಪರೇಷನ್ ಥಿಯೇಟರುಗಳಲ್ಲೂ ಔಷಧಿ ಕಾರ್ಖಾನೆಗಳಲ್ಲೂ ಇದನ್ನು ಹಾಕುವುದು ಈ ಗುಣಗಳಿಗಾಗಿಯೇ. ನನ್ನ ತಕರಾರು ವಸ್ತುವಿನ ಮೇಲಲ್ಲ.

ಆದರೆ ನಮ್ಮ ಕಾರ್ ಶೆಡ್ಡು ಔಷಧಿ ಕಾರ್ಖಾನೆಯೇ? ಮೂರು ಕಡೆ ತೆರೆದಿರುತ್ತದೆ. ಮಳೆಯ ಇರಿಚಲು ಅರ್ಧ ಜಾಗವನ್ನು ತೋಯಿಸುತ್ತದೆ. ಒಂದು ಮೂಲೆಯಲ್ಲಿ ನಲ್ಲಿ, ಇನ್ನೊಂದು ಕಡೆ ತುಳಸಿ ಕಟ್ಟೆ. ಮಕ್ಕಳು ಒದ್ದೆ ಛತ್ರಿ ಬಿಚ್ಚಿಡುವುದು ಅಲ್ಲೇ, ನಾವು ಹಪ್ಪಳ ಒಣಹಾಕುವುದು, ಹಲಸಿನ ಹಣ್ಣು ಬಿಡಿಸುವುದು ಅಲ್ಲೇ. ದಿನದ ಹೆಚ್ಚು ಹೊತ್ತು ಕಾರು ಯಜಮಾನರೊಂದಿಗೆ ಆಫೀಸಿನಲ್ಲಿರುತ್ತದೆ. ಆ ನೆಲದ ಮೇಲೆ ಓಡಾಡುವ ಕಾಲುಗಳು ನಮ್ಮವು. "ನೋಡಿ ಮೇಡಂ, ನೀರು ಬಿದ್ದರೆ ಮುತ್ತಿನ ಹಾಗೆ ಜಾರಿಕೊಂಡು ಹೋಗುತ್ತೆ" ಎಂದು ಕಂಟ್ರಾಕ್ಟರು ನನಗೆ ಹೆಮ್ಮೆಯಿಂದ ಹೇಳಿದ. ನೀರಿನ ಹಿಂದೆಯೇ ಮನುಷ್ಯರೂ ಜಾರುತ್ತಾರಲ್ಲ, ಅದಕ್ಕೇನು ಮಾಡಿದ್ದೀಯಪ್ಪ ಎಂದು ಕೇಳಿದೆ. ನಕ್ಕು ಸುಮ್ಮನಾದ.

ಕಳೆದ ಆಷಾಢದಲ್ಲಿ ನಮ್ಮ ಬೀದಿಯ ಒಂದು ಮನೆಯ ಅಜ್ಜಿ ಬೆಳಿಗ್ಗೆ ಪೂಜೆಗೆ ದಾಸವಾಳ ಕೊಯ್ದುಕೊಂಡು, ಒದ್ದೆ ಚಪ್ಪಲಿಯಲ್ಲಿ ಈ ನೆಲದ ಮೇಲೆ ಎರಡು ಹೆಜ್ಜೆ ಇಟ್ಟರು. ಸೊಂಟದ ಕೀಲಿನ ಹತ್ತಿರ ಮೂಳೆ ಮುರಿಯಿತು. ಆಪರೇಷನ್ ಆಯಿತು. ಈಗ ವಾಕರ್ ಹಿಡಿದು ಹಾಲಿನವರೆಗೆ ಬರುತ್ತಾರೆ, ಹೂವಿನ ಗಿಡದವರೆಗೆ ಬರುವುದಿಲ್ಲ. "ವಯಸ್ಸಾಯ್ತಲ್ಲ, ನೋಡಿಕೊಂಡು ನಡೀಬೇಕಿತ್ತು" ಎಂದರು ನೋಡಲು ಬಂದವರೆಲ್ಲ. ನೆಲದ ಬಗ್ಗೆ ಯಾರೂ ತುಟಿ ಬಿಚ್ಚಲಿಲ್ಲ. ಎಪ್ಪತ್ತು ದಾಟಿದ ಹೆಂಗಸು ಅಲ್ಲಿ ನಡೆಯುತ್ತಾರೆಂದು ಮಾಡಿಸುವಾಗ ಗೊತ್ತಿರಲಿಲ್ಲವೇ?

ಇದಕ್ಕೆ ಪರಿಹಾರವೂ ಇದೆ. ಲೇಪನ ಹಸಿಯಿರುವಾಗಲೇ ಅದರ ಮೇಲೆ ಸಣ್ಣ ಸ್ಫಟಿಕ ಮರಳನ್ನು ಸಮನಾಗಿ ಎರಚಿ, ಮೇಲೆ ಇನ್ನೊಂದು ಪದರ ಕೊಟ್ಟರೆ ಕಾಲಿಗೆ ಹಿಡಿತ ಸಿಗುತ್ತದೆ. ಇದು ಆ ಕಂಟ್ರಾಕ್ಟರಿಗೆ ಗೊತ್ತಿಲ್ಲದ್ದೇನಲ್ಲ. "ಮರಳು ಹಾಕಿದರೆ ಶೈನಿಂಗ್ ಬರಲ್ಲ ಮೇಡಂ, ಗಿರಾಕಿ ಒಪ್ಪಲ್ಲ" ಎಂದ. ಗಿರಾಕಿ ಎಂದರೆ ಯಾರು ಎಂಬುದು ಇಲ್ಲೇ ತಿಳಿಯುತ್ತದಲ್ಲ! ನಮ್ಮ ಹಿರಿಯರಿಗೆ ಇಷ್ಟು ತಿಳಿವಳಿಕೆ ಇತ್ತು. ನನ್ನ ತವರಿನಲ್ಲಿ ನಡುಮನೆಗೆ ಎಣ್ಣೆ ಉಜ್ಜಿ ಮಿರಮಿರ ಮಿಂಚುವ ಕೆಂಪು ಗಾರೆ. ಆದರೆ ಮೆಟ್ಟಿಲ ಮುಂದೆ, ಬಾವಿ ಕಟ್ಟೆಯ ಸುತ್ತ ಉಳಿಪೆಟ್ಟು ಬಿದ್ದ ಒರಟು ಚಪ್ಪಡಿ. ನೀರು ಬೀಳುವ ಕಡೆ ನುಣುಪು ಕೂಡದು ಎಂಬುದಕ್ಕೆ ಇಂಜಿನಿಯರು ಬೇಕಿರಲಿಲ್ಲ.

ಇನ್ನು ಬಾಳಿಕೆಯ ಮಾತು. ನಮ್ಮ ಮಲೆನಾಡಿನ ಸೆರಗಿನ ಊರುಗಳಲ್ಲಿ ಮಳೆಗಾಲದಲ್ಲಿ ನೆಲವೇ ಬೆವರುತ್ತದೆ. ಮಣ್ಣಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸದೆ ಹಾಕಿದ ಕಾಂಕ್ರೀಟು ಕೆಳಗಿನ ತೇವವನ್ನು ಮೇಲಕ್ಕೆ ಬಿಡುತ್ತಲೇ ಇರುತ್ತದೆ. ಮೇಲೆ ಗಾಳಿಯಾಡದ ಲೇಪನ ಕೂತರೆ ಆ ಆವಿ ಹೋಗುವುದೆಲ್ಲಿಗೆ? ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಲೇಪನ ಉಬ್ಬುತ್ತದೆ, ಬಿರಿಯುತ್ತದೆ. ಹೊಸ ಕಾಂಕ್ರೀಟಾದರೆ ಕನಿಷ್ಠ 28 ದಿನ ಕಾಯಬೇಕು. ಹಳೆಯದಾದರೆ ಆಯಿಲ್ ಕಲೆ ತೆಗೆದು, ನುಣುಪಾದ ಮೇಲ್ಪದರವನ್ನು ಮೆಷಿನ್ನಿನಿಂದ ಉಜ್ಜಿ, ಧೂಳು ಎತ್ತಬೇಕು. ಉಜ್ಜಿದ್ದು ಸಾಕೋ ಇಲ್ಲವೋ ತಿಳಿಯಲು ಒಂದು ಲೋಟ ನೀರು ಸುರಿದು ನೋಡಿದರಾಯಿತು: ಇಂಗಿದರೆ ಲೇಪನ ಹಿಡಿಯುತ್ತದೆ, ಹನಿಹನಿಯಾಗಿ ನಿಂತರೆ ಹಿಡಿಯುವುದಿಲ್ಲ. ನಮ್ಮ ಬೀದಿಯಲ್ಲಿ ಆದದ್ದೇನು? ಬೆಳಿಗ್ಗೆ ಕಸ ಗುಡಿಸಿದರು, ಮಧ್ಯಾಹ್ನ ರೋಲರ್ ಹೊಡೆದರು, ಸಂಜೆ ದುಡ್ಡು ಎಣಿಸಿಕೊಂಡರು. ಒಂದೇ ಬೇಸಿಗೆಯಲ್ಲಿ, ದೂರದಿಂದ ಓಡಿ ಬಂದ ಕಾರಿನ ಬಿಸಿ ಚಕ್ರಗಳಿಗೆ ಅಂಟಿಕೊಂಡು ಲೇಪನ ಚಕ್ಕೆಚಕ್ಕೆಯಾಗಿ ಎದ್ದಿತು. ಬಿಸಿಲು ಬೀಳುವ ಅಂಚು ಹಳದಿಗೆ ತಿರುಗಿತು. ಬಿಸಿಲಿಗೆ ಎಪಾಕ್ಸಿ ಹಾಗಾಗುವುದು ಸಹಜ. ಅದನ್ನು ಯಾರೂ ಮೊದಲು ಹೇಳಿರಲಿಲ್ಲ ಅಷ್ಟೆ.

ನನಗೆ ಎಲ್ಲಕ್ಕಿಂತ ಸಂಕಟವಾದದ್ದು ಹಚ್ಚಲು ಬಂದ ಹುಡುಗನನ್ನು ನೋಡಿ. ನನ್ನ ಹತ್ತನೇ ತರಗತಿಯ ಮಕ್ಕಳಿಗಿಂತ ಎರಡು ಮೂರು ವರ್ಷ ದೊಡ್ಡವನಿರಬಹುದು. ಹವಾಯಿ ಚಪ್ಪಲಿ, ಕೈಯಲ್ಲಿ ಗ್ಲೌಸಿಲ್ಲ. ಮೊಣಕೈವರೆಗೆ ಅಂಟು ಮೆತ್ತಿಕೊಂಡು, ಬೆರಳ ಸಂದಿ ಕೆರೆದುಕೊಳ್ಳುತ್ತ ಕೂತಿದ್ದ. ಡಬ್ಬಿಯ ಮೇಲೆ ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರಗಳಲ್ಲಿ ಎಲ್ಲವೂ ಇತ್ತು: ಚರ್ಮಕ್ಕೆ ತಾಗಬಾರದು, ಗ್ಲೌಸು ಧರಿಸಬೇಕು, ಗಾಳಿಯಾಡುವ ಕಡೆ ಕೆಲಸ ಮಾಡಬೇಕು. ನಾನು ಬರೀ ಬಿ.ಎ., ಬಿ.ಎಡ್. ಓದಿದವಳು, ರಸಾಯನಶಾಸ್ತ್ರ ನನ್ನ ವಿಷಯವಲ್ಲ. ಆದರೂ ಓದಿ ಹೇಳಿದೆ. "ಹೌದಾ ಮಿಸ್? ನಮಗೆ ಯಾರೂ ಹೇಳಿಲ್ಲ" ಎಂದ. ಈ ಹಾರ್ಡನರಿನ ಅಲರ್ಜಿ ಒಮ್ಮೆ ಮೈಗೆ ಹತ್ತಿದರೆ ಆಮೇಲೆ ಸ್ವಲ್ಪ ಸೋಕಿದರೂ ದದ್ದು ಏಳುತ್ತದೆ. ಹೊಟ್ಟೆಪಾಡಿನ ಕೆಲಸವನ್ನೇ ಬಿಡಬೇಕಾಗಿ ಬರಬಹುದು. ಕಾರಿನ ಚಕ್ರಕ್ಕೆ ಧೂಳು ತಾಗಬಾರದೆಂದು ಸಾವಿರಗಟ್ಟಲೆ ಸುರಿಯುವ ಮನೆಯವರಿಗೆ ಒಂದು ಜೊತೆ ರಬ್ಬರ್ ಗ್ಲೌಸು ದುಬಾರಿಯಾಯಿತೇ?

ನಿಮ್ಮ ಮನೆಯಲ್ಲಿ ಈ ಮಾತು ಎದ್ದರೆ ಕಾಫಿ ಕೊಟ್ಟು ಒಳಗೆ ಹೋಗಬೇಡಿ, ಅಲ್ಲೇ ಕುಳಿತುಕೊಳ್ಳಿ. ಮೆಷಿನ್ನಿನಲ್ಲಿ ಉಜ್ಜುತ್ತೀರಾ, ಮರಳು ಎರಚುತ್ತೀರಾ, ಹುಡುಗರಿಗೆ ಗ್ಲೌಸು ಕೊಡುತ್ತೀರಾ ಎಂದು ಕೇಳಿ. ಮೂರಕ್ಕೂ ಹೌದೆನ್ನದಿದ್ದರೆ ಅಡ್ವಾನ್ಸ್ ಕೊಡಲು ಬಿಡಬೇಡಿ.

ನಮ್ಮ ಮನೆಯವರಿಗೂ ಆಸೆ ಹುಟ್ಟಿತ್ತು. ಜುಲೈ ತಿಂಗಳ ಒಂದು ರಾತ್ರಿ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಶೆಡ್ಡಿನ ನೆಲದ ಮೇಲಿಟ್ಟು ನಾಲ್ಕೂ ಅಂಚಿಗೆ ಟೇಪು ಅಂಟಿಸಿದೆ. "ಇದೇನು, ನೆಲಕ್ಕೂ ಪರೀಕ್ಷೆ ಇಡ್ತೀಯಾ?" ಎಂದು ಅವರು ನಕ್ಕರು. ಬೆಳಿಗ್ಗೆ ಹಾಳೆಯ ಅಡಿಯಲ್ಲಿ ಇಬ್ಬನಿಯಂತೆ ಹನಿಗಳು ಕೂತಿದ್ದವು, ಸಿಮೆಂಟು ಕಪ್ಪಗಾಗಿತ್ತು. ಅವರೇ ಬಗ್ಗಿ ನೋಡಿದರು, ಮಾತಾಡಲಿಲ್ಲ. ಶೆಡ್ಡಿನಲ್ಲಿ ಈಗಲೂ ಕಸಬರಿಗೆಯ ಗೀರು ಎಳೆದ ಆ ಹಳೆಯ ಸಿಮೆಂಟೇ ಇದೆ. ಆಯಿಲ್ ತೊಟ್ಟಿಕ್ಕಿದ ದಿನ ಮರದ ಪುಡಿ ಎರಚಿ, ಹೀರಿದ ಮೇಲೆ ಗುಡಿಸಿ ಹಾಕುತ್ತೇವೆ. ಗುಡಿಸುವ ಕೆಲಸ ಅವರದು.